ಅಧ್ಯಕ್ಷರ ಕುರ್ಚಿ ವೆಲ್ಡಿಂಗ್ ಶೆಡ್ಡಿನಲ್ಲಿ

ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡಿನಿಂದ ಸ್ವಲ್ಪ ದೂರದಲ್ಲಿ, ಫ್ರೀವೇ ಪಕ್ಕದ, ಕಡಿಮೆ ಶುಲ್ಕಕ್ಕೆ ಯಾರನ್ನೂ ಸೇರಿಸಿಕೊಳ್ಳುವ ಕಮ್ಯುನಿಟಿ ಕಾಲೇಜೊಂದು ಈ ಚಳಿಗಾಲದಲ್ಲಿ ಒಂದು ಗಂಭೀರ ಪ್ರಶ್ನೆ ಎದುರಿಸುತ್ತಿದೆ: ಅಧ್ಯಕ್ಷರ ಕುರ್ಚಿಯನ್ನು ಎಲ್ಲಿಡಬೇಕು? ಇದಕ್ಕೊಂದು ಸಮಿತಿಯಿದೆ, ಸಮಿತಿಗೊಂದು ಉಪಸಮಿತಿಯೂ ಇದೆ. ಕುರ್ಚಿ ಮಾತ್ರ ಯಾರ ವರದಿಗೂ ಕಾಯದೆ ವೆಲ್ಡಿಂಗ್ ಶೆಡ್ಡಿನ ಮೂಲೆ ಸೇರಿದೆ.

ಬೆಳಗಿನ ಆರು ಗಂಟೆ. ಸ್ವೆಟರಿನ ಮೇಲೊಂದು ಕೋಟು ಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹಂಗಾಮಿ ಅಧ್ಯಕ್ಷೆ ಸಂಯುಕ್ತಾ ಆ ಕುರ್ಚಿಯಲ್ಲಿ ಕೂತಿದ್ದಾರೆ. ಎದುರಿಗೆ ಕಿಡಿ ಹಾರುತ್ತಿದೆ. ಅನುದಾನ ಕಡಿತವಾದಾಗ ಆಡಳಿತ ಕಟ್ಟಡದ ಹೀಟರ್ ಆರಿಸಿದವರು ಅವರೇ. "ಇಡೀ ಕ್ಯಾಂಪಸ್ಸಲ್ಲಿ ಬೆಚ್ಚಗಿರೋ ಜಾಗ ಇದೊಂದೇ. ತ್ಯಾಗ ಗೀಗ ಅಂತ ಬರೀಬೇಡಿ, ಚಳಿ ಅಂತ ಬರೀರಿ," ಎನ್ನುತ್ತಾರೆ.

ಮೈಸೂರಿನಲ್ಲಿ ಗಣಿತ ಓದಿ ಬಂದವರು. ಇಲ್ಲಿ ಬಹುಕಾಲ ಮೂರು ಕಾಲೇಜುಗಳಲ್ಲಿ ಅರೆಕಾಲಿಕ ಪಾಠ ಹೇಳಿ, ಒಂದರಿಂದ ಇನ್ನೊಂದಕ್ಕೆ ಓಡುವಾಗ ಕಾರಿನಲ್ಲೇ ಊಟ ಮಾಡಿದವರು. ಲಿವರ್‌ಮೋರಿನ ದೇವಸ್ಥಾನದಲ್ಲಿ ಸಿಗುವ ನಮ್ಮವರು "ಕಮ್ಯುನಿಟಿ ಕಾಲೇಜಾ?" ಎಂದು ಕೇಳುವ ದನಿಯೇ ಬೇರೆ, ಆಪರೇಷನ್ ಆದವರನ್ನು ವಿಚಾರಿಸುವ ದನಿ ಅದು. ಅದೇ ಮನೆಗಳ ಮಕ್ಕಳು ಬೇಸಿಗೆಯಲ್ಲಿ ಸದ್ದಿಲ್ಲದೆ ಬಂದು ಕ್ಯಾಲ್ಕುಲಸ್ ಮುಗಿಸಿಕೊಂಡು ಹೋಗುತ್ತಾರೆ. ಅದನ್ನು ಸಂಯುಕ್ತಾ ದೇವಸ್ಥಾನದಲ್ಲಿ ಬಾಯಿಬಿಡುವುದಿಲ್ಲ.

ಈ ವಾರ ಕುತ್ತು ಬಂದಿರುವುದು ಇದೇ ಆರು ಗಂಟೆಯ ವೆಲ್ಡಿಂಗ್ ತರಗತಿಗೆ. ಬಂದರಿನಲ್ಲಿ ರಾತ್ರಿಪಾಳಿ ಮುಗಿಸಿದವರು ಮನೆಗೆ ಹೋಗುವ ದಾರಿಯಲ್ಲಿ ಕಲಿಯುವ ತರಗತಿ. ಶುಕ್ರವಾರದೊಳಗೆ ಇಪ್ಪತ್ತು ಜನ ಆಗದಿದ್ದರೆ ರದ್ದು, ಕಲಿಸುವ ರೂಬೆನ್ ಅವರೂ ಮನೆಗೆ. ಇದು ಆಡಳಿತ ಮಂಡಳಿಯ ಮಾತು. ಒಬ್ಬರು ಕಡಿಮೆ ಬಿದ್ದಿದ್ದಾರೆ.

ತರಗತಿ ಬಿಟ್ಟುಹೋದವರಿಗೆ ಕಾಲೇಜು ಇಮೇಲ್ ಕಳಿಸುತ್ತದೆ. ಸಂಯುಕ್ತಾ ಅವರಿಗೆ ಅದರಲ್ಲಿ ನಂಬಿಕೆಯಿಲ್ಲ. "ನಮ್ಮ ಕಡೆ ಗೃಹಪ್ರವೇಶದ ಕಾರ್ಡನ್ನ ಪೋಸ್ಟಿಗೆ ಹಾಕಿದ್ರೆ ಬರಬೇಡಿ ಅಂತ್ಲೇ ಅರ್ಥ. ಹೋಗಿ ಕರೀಬೇಕು. ಮನೇಲಿಲ್ದಿದ್ರೆ ಇನ್ನೊಂದ್ಸಲ ಹೋಗ್ಬೇಕು." ಹಾಗಾಗಿ ಭಾನುವಾರಗಳಂದು ಅಧ್ಯಕ್ಷೆ ಅಪಾರ್ಟ್‌ಮೆಂಟುಗಳ ಬೆಲ್ ಒತ್ತುತ್ತಾರೆ.

ಕಳೆದ ಭಾನುವಾರ ಒತ್ತಿದ್ದು ಫ್ರೀಮಾಂಟಿನ ಲಾಸ್ಯಾ ಅವರ ಮನೆಯದು. ಟೆಕ್ ಕಂಪನಿಯ ಕೆಲಸ ಹೋದ ಮೇಲೆ ಈ ತರಗತಿಗೆ ಸೇರಿ, ಒಂದೇ ವಾರಕ್ಕೆ ಬಿಟ್ಟವರು. ಅವರು ಗ್ರೋಸರಿಗೆ ಹೋಗಿದ್ದರು. ಬಾಗಿಲು ತೆರೆದದ್ದು ಮಂಡ್ಯದ ಕಡೆಯಿಂದ ಬಂದಿರುವ ಅತ್ತೆ ಮರಿತಾಯಮ್ಮ. ಇಲ್ಲಿಯ ಕಾನೂನಿನಂತೆ ವಿದ್ಯಾರ್ಥಿಯ ವಿಷಯವನ್ನು ಮನೆಯವರಿಗೆ ಹೇಳುವಂತಿಲ್ಲ. ಮೈಸೂರಿನ ರೂಢಿಯಂತೆ ಮನೆಯವರಿಗೆ ಹೇಳದೆ ಎದ್ದು ಬರುವಂತಿಲ್ಲ. ಕುಂಕುಮ ಇಟ್ಟುಕೊಂಡು, ಮಜ್ಜಿಗೆ ಕುಡಿದು, ಸಂಯುಕ್ತಾ ಹೇಳಿಯೇಬಿಟ್ಟರು: ಕೆಲಸ ಹೋಯಿತೆಂದು ಸೊಸೆ ಕೈಚೆಲ್ಲುವುದು ಬೇಡ, ಕ್ಲಾಸಿಗೆ ಬರಲಿ.

ಹೇಳಿದ ಮೇಲೆ ಹೊಳೆಯಿತು, ಅತ್ತೆಗೆ ಕೆಲಸ ಹೋದದ್ದನ್ನು ಯಾರೂ ಹೇಳಿಲ್ಲವೆಂದು. ಆಮೇಲೆ ತಿಳಿದಂತೆ, ಸೊಸೆ ದಿನಾ ಲ್ಯಾಪ್‌ಟಾಪ್ ಬ್ಯಾಗು ಹಿಡಿದು ಆಫೀಸಿಗೆಂದು ಹೊರಟು ಲೈಬ್ರರಿಯಲ್ಲಿ ಕೂರುತ್ತಿದ್ದರು. ಬೆಳಗಾಗುವ ಮುಂಚೆ ಯಾವ ಆಫೀಸು ಎಂದು ಅತ್ತೆ ಕೇಳಿಯಾರೆಂಬ ಭಯಕ್ಕೇ ತರಗತಿ ಬಿಟ್ಟಿದ್ದರು.

ಸಂಯುಕ್ತಾ ಕ್ಷಮೆ ಕೇಳಲು ಹೊರಟರು. ಮರಿತಾಯಮ್ಮ ತಡೆದರು. "ಗೊತ್ತು ಕಣವ್ವ. ಕಂಪ್ನೀಲೇ ಊಟ ಕೊಡ್ತರೆ ಅಂತಿದ್ದೋಳು ಈಗ ದಿನಾ ಡಬ್ಬಿ ಕಟ್ಕೊಂಡ್ ಹೋಯ್ತಳೆ. ನಂಗೇನ್ ಕಣ್ಣಿಲ್ವಾ? ಹೇಳ್ದೆ ಇರೋಳ್ನ ಕೇಳಿ ಯಾಕ್ ನೋಯಿಸ್ಲಿ ಅಂತ ಸುಮ್ಕಿದ್ದೆ." ಆಮೇಲೆ, ಕ್ಲಾಸು ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡರು.

ಇದನ್ನು ಹೇಳುವಾಗ ಸಂಯುಕ್ತಾ ಈಗಲೂ ತಲೆ ತಗ್ಗಿಸುತ್ತಾರೆ. ತಮ್ಮ ಮೇಲೆ ತಾವೇ ದೂರು ಬರೆದು ಕಾಲೇಜಿನ ವಕೀಲರಿಗೆ ಕೊಟ್ಟಿದ್ದಾರೆ. ಲಾಸ್ಯಾ ಅವರಿಂದ ಬುಧವಾರದವರೆಗೂ ಸುದ್ದಿಯಿಲ್ಲ. ಕಿಡಿಗಳ ಆಚೆ ರೂಬೆನ್ ಯಾರದೋ ಕೈ ಹಿಡಿದು ತಿದ್ದುತ್ತಿದ್ದಾರೆ, ಶನಿವಾರದಿಂದ ಕೆಲಸವಿದೆಯೋ ಇಲ್ಲವೋ ಎಂಬ ಚಿಂತೆ ತೋರಗೊಡದೆ. ಆಸೆ ಏನೆಂದು ಕೇಳಿದರೆ ಅಧ್ಯಕ್ಷೆ ಅತ್ತಲೇ ನೋಡುತ್ತಾರೆ: "ಒಂದು ಸೆಮಿಸ್ಟರಾದ್ರೂ ಜನ ನಾನು ಕರೀದೇನೇ ಬರ್ಲಿ."

ಶುಕ್ರವಾರ ಆರಕ್ಕೆ ಮುಂಚೆ ಲಾಸ್ಯಾ ಬಂದರು. ಕೈಯಲ್ಲಿ ಅತ್ತೆ ಕಟ್ಟಿಕೊಟ್ಟ ಎರಡು ಡಬ್ಬಿಗಳಿದ್ದವು, ಒಂದು ಅಧ್ಯಕ್ಷರಿಗೆ. ತರಗತಿ ರದ್ದಾಗಲಿಲ್ಲ.