ಹುಸೇನಸಾಬರು ಬರೆದ ಹೊಗೆಯ ಸುದ್ದಿ

ಹುಸೇನಸಾಬರು ಎಲ್ಲಿಗೆ ಹೋದರೂ ಮೊದಲು ತೋರುಬೆರಳನ್ನು ಯಾವುದಾದರೊಂದರ ಮೇಲೆ ಎಳೆಯುತ್ತಿದ್ದರು. ಕಿಟಕಿಯ ಕಟ್ಟೆ, ಸೈಕಲ್ಲಿನ ಸೀಟು, ಚಹಾದಂಗಡಿಯ ಬೆಂಚು, ಬೇವಿನ ಎಲೆ, ಏನಾದರೂ ಆದೀತು. ಆಮೇಲೆ ಬೆರಳ ತುದಿಯನ್ನು ಕಣ್ಣಿನ ಹತ್ತಿರ ತಂದು ನೋಡಿ, ಪೈಜಾಮಕ್ಕೆ ಒರೆಸಿಕೊಳ್ಳುವರು. ಬಿಳಿ ಪೈಜಾಮದ ಬಲತೊಡೆಯ ಮೇಲೆ ಸದಾ ಒಂದು ಬೂದು ಕಲೆ.

ಬಾಗಲಕೋಟೆಯ ಒಂದು ವಾರಪತ್ರಿಕೆಯಲ್ಲಿ ಅವರು ಸುದ್ದಿಗಾರರು, ನಾನು ಅಚ್ಚಿನ ಮೊಳೆ ಜೋಡಿಸುವವಳು. ಎಂಬತ್ತರ ದಶಕದ ಆರಂಭದಲ್ಲಿ ನಾನು ಕೆಲಸ ಕೇಳಿಕೊಂಡು ಹೋದಾಗ, ಹೆಣ್ಣುಮಗಳಿಗೆ ಇದು ಆಗದೆಂದು ಮಾಲೀಕರು ತಲೆಯಾಡಿಸಿದ್ದರು. "ಅಕ್ಷರಕ್ಕ ಗಂಡು ಹೆಣ್ಣು ಗೊತ್ತಾಗಂಗಿಲ್ರಿ ಸಾವಕಾರ್ರ" ಎಂದು ನನ್ನ ಪರವಾಗಿ ಮಾತಾಡಿದವರು ಹುಸೇನಸಾಬರು. ಅಂದಿನಿಂದ ನಾನು ಅವರಿಗೆ ತಂಗಿ.

ಕಮತಗಿಯ ಹಾದಿಯಲ್ಲಿ ಒಂದು ಸುಣ್ಣದ ಕಾರ್ಖಾನೆ ಇತ್ತು. ಕಲ್ಲಿದ್ದಲು ಉರಿಸಿ ಸುಣ್ಣದ ಕಲ್ಲು ಸುಡುವ ಭಟ್ಟಿಗಳು ಆರಿದ್ದನ್ನು ನಾವು ಕಂಡಿರಲಿಲ್ಲ. ಸುತ್ತಲಿನ ಹಳ್ಳಿಗಳ ಬಹಳಷ್ಟು ಜನ ಅಲ್ಲೇ ದುಡಿಯುತ್ತಿದ್ದರು; ಹುಸೇನಸಾಬರ ತಮ್ಮ ಮೌಲಾ ಭಟ್ಟಿಗೆ ಕಲ್ಲಿದ್ದಲು ಹಾಕುತ್ತಿದ್ದ. ನಮ್ಮ ಪತ್ರಿಕೆಯ ಕೊನೆಯ ಪುಟದ ತುಂಬ ಪ್ರತಿವಾರ ಅದೇ ಕಾರ್ಖಾನೆಯ ಜಾಹೀರಾತು. ಅದು ನಿಂತರೆ ಪತ್ರಿಕೆಯೂ ನಿಂತಂತೆ. ಹೊಗೆ ಎಲ್ಲರ ಮನೆಯೊಳಗೂ ಬರುತ್ತಿತ್ತು, ಪತ್ರಿಕೆಯೊಳಗೆ ಮಾತ್ರ ಬರುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಕಲ್ಲಿದ್ದಲಿನ ವ್ಯಾಗನ್ನುಗಳು ಬರುವುದು ನಿಂತು ಭಟ್ಟಿಗಳು ಆರಿದವು. ನಮ್ಮ ಓಣಿಯ ಮುದುಕಿಯರ ಕೆಮ್ಮು ಇಳಿಯಿತು. ಹುಸೇನಸಾಬರು ಕಚೇರಿಯ ಕಿಟಕಿಗೆ ಬೆರಳೆಳೆದು ನನಗೆ ತೋರಿಸಿದರು. "ನೋಡು ತಂಗಿ, ಏನೂ ಹತ್ತಿಲ್ಲ!" ಅವರು ಹಾಗೆ ನಗುತ್ತಿರುವಾಗಲೇ ಮೌಲಾ ಬಾಗಿಲಿಗೆ ಬಂದು ನಿಂತ. ಮೂರು ವಾರದಿಂದ ಕೆಲಸವಿಲ್ಲದೆ ಅವನ ಮನೆಯಲ್ಲಿ ಜೋಳ ಮುಗಿದಿತ್ತು.

"ಅಣ್ಣಾ, ಕಲ್ಲಿದ್ದಲ ಕಳಸ್ರಿ ಅಂತ ಪೇಪರಿನ್ಯಾಗ ಬರಿ. ನೀ ಬರದ್ರ ಮ್ಯಾಲಿನವರು ಓದ್ತಾರ."

ಹುಸೇನಸಾಬರು ಬರೆದರು. ಭಟ್ಟಿ ಆರಿದ ಮೇಲೆ ಮನೆಗಳ ಒಲೆ ಹೇಗೆ ಆರಿವೆ ಎಂಬುದನ್ನು ಓದಿ ಮಾಲೀಕರೇ ಕಣ್ಣೊರೆಸಿಕೊಂಡರು. ಕೆಲವು ದಿನಗಳಲ್ಲಿ ವ್ಯಾಗನ್ನುಗಳು ಬಂದವು, ಆ ಬರಹದಿಂದಲೇ ಬಂದವೋ ಏನೋ. ಕಾರ್ಮಿಕರು ಕಚೇರಿಗೆ ಬಂದು ಅವರಿಗೆ ಮಾಲೆ ಹಾಕಿದರು. ಮಾಲೆ ಹಾಕಿಸಿಕೊಂಡ ಹುಸೇನಸಾಬರು ಪೊಲೀಸರು ಹಿಡಿದು ನಿಲ್ಲಿಸಿದವರ ಹಾಗೆ ನಿಂತಿದ್ದರು.

ಕೆಲ ವರ್ಷಗಳ ಮೇಲೆ, ವಾಚನಾಲಯದ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ಅವರ ಕೈಗೆ ಸಿಕ್ಕಿತು. ನಿಘಂಟು ಇಟ್ಟುಕೊಂಡು ಹಲವು ದಿನ ಅದರಲ್ಲೇ ಮುಳುಗಿದ್ದವರು ಒಂದು ಮುಂಜಾನೆ ಬಂದು ನನ್ನೆದುರು ಕುಳಿತರು.

"ತಂಗಿ, ಇಷ್ಟ ದಿವಸ ನಾ ಬೆರಳಿಗೆ ಹತ್ತೋ ಹೊಗಿ ಅಷ್ಟ ನೋಡಿದೆ. ಬೆರಳಿಗೆ ಹತ್ತಲಾರದ್ದೂ ಐತಂತ. ಮ್ಯಾಲ ಹೋಗಿ ಕೌದಿ ಹೊಚ್ಚಿದಂಗ ಕುಂದರತೈತಿ, ಭೂಮಿ ಕಾದು ಬಿಸಿ ಆಗತೈತಿ. ನಮ್ಮ ಭಟ್ಟಿ ಒಂದ ಅಲ್ಲ, ಜಗತ್ತಿನ ಎಲ್ಲಾ ಭಟ್ಟಿ ಸೇರಿ. ಮುಂದಿನವರ ಬ್ಯಾಸಗಿ ನಮ್ಮ ಬ್ಯಾಸಗಿಯಂಗ ಇರಂಗಿಲ್ಲ."

"ಇದು ಸುದ್ದಿ ಏನ್ರಿ ಅಣ್ಣಾರ?"

"ಆಗಿ ಹೋದದ್ದನ್ನ ಚಾದಂಗಡ್ಯಾಗೂ ಹೇಳ್ತಾರ. ಆಗೋದನ್ನ ಹೇಳಿದ್ರ ಸುದ್ದಿ."

ಅವರು ಬರೆದುಕೊಟ್ಟ ಎರಡು ಕಾಲಂ ಜೋಡಿಸಿ ಪ್ರೂಫು ತೆಗೆದೆ. ಅದನ್ನು ಹಿಡಿದುಕೊಂಡು ಮಾಲೀಕರು ಹೊರಗೆ ಬಂದರು. ಅವರು ಕೆಟ್ಟವರಲ್ಲ, ಸಿಟ್ಟು ಮಾಡಲಿಲ್ಲ.

"ಹುಸೇನಸಾಬ್ರ, ಕಲ್ಲಿದ್ದಲ ಬೇಕಂತ ಬರದವರು ನೀವ. ಈಗ ಅದರ ಹೊಗಿ ಜಗತ್ತು ಸುಡತೈತಿ ಅಂತೀರಿ. ಜನ ಯಾವದನ್ನ ನಂಬಬೇಕು?"

"ಎರಡೂ ಖರೆ ಐತ್ರಿ."

"ಎರಡೂ ಖರೆ ಇದ್ರ, ಇವತ್ತಿನ ಹೊಟ್ಟಿದಷ್ಟ ಛಾಪಸೋಣು. ಜಾಹೀರಾತು ಹೋದ್ರ ನಾನೂ ಇಲ್ಲ, ನೀವೂ ಇಲ್ಲ. ನಿಮ್ಮ ತಮ್ಮ ಎಲ್ಲೆ ದುಡೀತಾನ, ಅದನ್ನೂ ವಿಚಾರ ಮಾಡ್ರಿ."

ಮೌಲಾನ ಮಗಳ ಮದುವೆ ಗೊತ್ತಾಗಿದ್ದ ಸಮಯ ಅದು. "ಬಿಚ್ಚಿಬಿಡು ತಂಗಿ" ಎಂದು ಹುಸೇನಸಾಬರೇ ಹೇಳಿದರು. ನಾನು ಒಂದೊಂದೇ ಮೊಳೆ ತೆಗೆದು ಅದರದರ ಖಾನೆಗೆ ಹಾಕಿದೆ. ಆ ಜಾಗಕ್ಕೆ ಕೆರೂರ ಸಂತೆಯ ಧಾರಣೆ ಹೋಯಿತು.

ಆಮೇಲೆ ಅವರು ಧಾರಣೆ, ಸಾಲೆಯ ಸಮಾರಂಭ, ನಿಧನವಾರ್ತೆ ಬರೆದುಕೊಂಡೇ ಉಳಿದರು. ಮೌಲಾನ ಎದೆ ಕೆಟ್ಟು ದವಾಖಾನೆ ಸೇರಿದಾಗಲೂ ಏನೂ ಬರೆಯಲಿಲ್ಲ. ಈ ಸಲ ಬಿಸಿಲು ಭಾಳ ಎಂದು ಯಾರಾದರೂ ಅಂದರೆ ಎದ್ದು ಹೊರಗೆ ಹೋಗುವರು.

ಹುಸೇನಸಾಬರು ಕೆಲಸ ಬಿಟ್ಟು ಇಳಕಲ್ಲಿನ ಮಗಳ ಮನೆಗೆ ಹೊರಟ ದಿನ ನಾನು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಬಸ್ಸು ಬಂದ ಮೇಲೆ ಅವರು ಕೇಳಿದರು:

"ಅವತ್ತ ಬಿಚ್ಚಿಸಿದ ಹೊಗಿ ಸುದ್ದಿ ನೀ ಜೋಡಿಸಿದ್ದೆಲ್ಲ ತಂಗಿ, ಅದನ್ನ ಓದಿದ್ದಿ ಏನು?"

ಮೊಳೆ ಜೋಡಿಸುವವರು ಓದುವುದಿಲ್ಲ. ತಿರುವುಮುರುವಾದ ಒಂದೊಂದೇ ಅಕ್ಷರ ಕಾಣುತ್ತದೆ, ಮಾತು ಕಾಣುವುದಿಲ್ಲ. ಆ ದಿನ ನನ್ನ ಗಮನವೆಲ್ಲ ಒತ್ತಕ್ಷರಗಳ ಮೇಲಿತ್ತು.

"ಓದೇನ್ರಿ ಅಣ್ಣಾರ. ಪೂರ್ತಿ ಓದೇನಿ."

"ಹಂಗಾದ್ರ ಸಾವಕಾರ್ರನ್ನ ಬಿಟ್ಟು ಒಬ್ರಾದ್ರೂ ಓದಿದ್ರು" ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಬಸ್ಸು ಹತ್ತಿದರು.

ಆ ವರ್ಷವೇ ಅವರು ತೀರಿಕೊಂಡರು. ಆ ಎರಡು ಕಾಲಮ್ಮಿನ ಅವರ ಕೈಬರಹದ ಹಾಳೆಗಳನ್ನಾದರೂ ಒಮ್ಮೆ ಓದಬೇಕೆಂದು ಹುಡುಕಲು ಹೊರಟಾಗ ನೆನಪಾಯಿತು: ಮೊಳೆ ಜೋಡಿಸಿ ಮುಗಿದ ಕೂಡಲೆ, ಎಂದಿನಂತೆ, ಅವನ್ನು ರದ್ದಿಗೆ ಹಾಕಿದವಳು ನಾನೇ.