ಎರಡರಷ್ಟು ವೇಗದಲ್ಲಿ ಕೇಳಿದ ದನಿ

ತಿಪಟೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ನಾವು ಐದಾರು ಜನ ಸೇರಿ ಒಂದು ಡಿಜಿಟಲ್ ಲೈಬ್ರರಿ ಮಾಡಿಕೊಂಡಿದ್ದೇವೆ. ಪ್ರೋಗ್ರಾಮಿಂಗ್ ಕೈಪಿಡಿಗಳು, ಉದಾಹರಣೆಯ ಕೋಡು, ಯಾರೋ ಪೇಚಾಡಿ ಕಂಡುಕೊಂಡ ಉತ್ತರಗಳು, ಎಲ್ಲ ಒಂದೇ ಕಡೆ ಸಿಗುತ್ತವೆ. ತುರುವೇಕೆರೆಯಲ್ಲಿ ಡಿಪ್ಲೊಮಾ ಓದುವವರೂ ಹಾಲ್ಕುರಿಕೆಯ ತೋಟದ ಮನೆಯಲ್ಲಿ ಕೂತು ಕೆಲಸ ಮಾಡುವವರೂ ಫೋನಿನಲ್ಲೇ ತೆರೆದು ಓದುತ್ತಾರೆ. ಅದರ ಉಸ್ತುವಾರಿ ನನ್ನದು. ಯಾರಾದರೂ ಫೈಲನ್ನು ತಪ್ಪು ಜಾಗದಲ್ಲಿ ಹಾಕಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ ಎಂದು ಅಮ್ಮ ಬೈಯುತ್ತಿರುತ್ತಾಳೆ.

ಲೈಬ್ರರಿಯಲ್ಲಿ ಜನ ಹೆಚ್ಚಾಗಿ ಹುಡುಕಿಕೊಂಡು ಬರುತ್ತಿದ್ದುದು ನೊಣವಿನಕೆರೆಯ ಮೇಷ್ಟ್ರ ಪಾಠಗಳನ್ನು. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು. ನಿವೃತ್ತರಾದ ಮೇಲೆ ಹಟ ಹಿಡಿದು ಪ್ರೋಗ್ರಾಮಿಂಗ್ ಕಲಿತರು, ಅಷ್ಟರಲ್ಲಿ ಕಣ್ಣು ಮಂಜಾಯಿತು. ಅವರ ಹೆಂಡತಿ ಇಂಗ್ಲಿಷ್ ಕೈಪಿಡಿಯನ್ನು ಗಟ್ಟಿಯಾಗಿ ಓದುವರು, ಇವರು ಅದನ್ನು ಕನ್ನಡದಲ್ಲಿ ವಿವರಿಸುವರು. ಎರಡನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ ಲೈಬ್ರರಿಗೆ ಕಳಿಸುತ್ತಿದ್ದರು. "ಕೊಬ್ಬರಿ ಆಗ್ಲಿ ಅಂತ ಅಟ್ಟದ ಮೇಲೆ ಕಾಯಿ ಸುರೀತೀವಲ್ಲ, ಕೊನೇಲಿ ಸುರಿದಿದ್ದು ಮೊದ್ಲು ಕೈಗೆ ಸಿಗ್ತೈತೆ. ಸ್ಟ್ಯಾಕ್ ಅಂದ್ರೆ ಅಷ್ಟೇ ಕಣ್ರಪ್ಪಾ" ಎಂದು ಅವರು ಹೇಳಿದ್ದನ್ನು ಕೇಳಿ ಮರೆತವರನ್ನು ನಾನು ಕಂಡಿಲ್ಲ.

ಹತ್ತನೇ ಕ್ಲಾಸಿನವರೆಗೆ ಓದಿದ್ದ ಆಕೆಗೆ ತಾನು ಓದುತ್ತಿರುವುದರ ತಲೆಬುಡ ತಿಳಿಯುತ್ತಿರಲಿಲ್ಲ. ಆದರೂ ಚುಕ್ಕೆ, ಬ್ರಾಕೆಟ್ಟು, ಒಂದನ್ನೂ ಬಿಡದೆ ಓದುತ್ತಿದ್ದರು. ನಡುವೆ ನಿಲ್ಲಿಸಿ, "ಎಷ್ಟು ಬ್ರಾಕೆಟ್ಟು ಕಣ್ರೀ ಇವು, ಸೋಗೆ ಹೆಣ್ದಂಗೈತೆ" ಅನ್ನುವರು. "ತಾಳ್ರೀ, ಹಾಲು ಉಕ್ತು" ಎಂದು ಎದ್ದು ಓಡುವರು. ಮೇಷ್ಟ್ರು ಸುಮ್ಮನೆ ಕಾಯುತ್ತಿದ್ದರು. ರೆಕಾರ್ಡು ಓಡುತ್ತಲೇ ಇರುತ್ತಿತ್ತು.

ಬೇಕಾದ ಒಂದು ಮಾತಿಗಾಗಿ ಅರ್ಧ ಗಂಟೆ ಇದನ್ನೆಲ್ಲ ಯಾರು ಕೇಳುತ್ತಾರೆ ಎಂದು ನನಗೆ ಸಿಡಿಮಿಡಿ. ಪಾಠಗಳನ್ನೆಲ್ಲ ಟೈಪ್ ಮಾಡಲು ಕೂತೆ. ಎರಡರಷ್ಟು ವೇಗದಲ್ಲಿ ಕೇಳುತ್ತಿದ್ದೆ. ಆಕೆಯ ದನಿ ಬಂದ ಕೂಡಲೇ ಮುಂದಕ್ಕೆ ತಳ್ಳುತ್ತಿದ್ದೆ, ಇಂಗ್ಲಿಷ್ ಮೂಲ ಹೇಗೂ ನಮ್ಮಲ್ಲಿತ್ತು. ಕೆಲಸ ಮುಗಿಯಲು ಒಂದು ಮಳೆಗಾಲ ಹಿಡಿಯಿತು. ಎಲ್ಲರೂ ಹೊಗಳಿದರು, ನಾನೂ ಉಬ್ಬಿದೆ. ಲೈಬ್ರರಿಯಲ್ಲಿ ಜಾಗ ತುಂಬುತ್ತಾ ಬಂದಿತ್ತು. ಬರಹ ಬಂದ ಮೇಲೆ ಆಡಿಯೊ ಏಕೆ ಎಂದುಕೊಂಡು ಅಷ್ಟನ್ನೂ ಡಿಲೀಟ್ ಮಾಡಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಮೇಷ್ಟ್ರನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಆಕೆ ತೀರಿಕೊಂಡರು. ಕಾರ್ಯವೆಲ್ಲ ಮುಗಿದು ಕೆಲವು ದಿನಗಳಾದ ಮೇಲೆ ಮೇಷ್ಟ್ರು ಒಬ್ಬರೇ ಬಸ್ಸು ಹತ್ತಿ ನಮ್ಮ ಆಫೀಸಿಗೆ ಬಂದರು.

"ನನ್ ಹಳೇ ಫೋನು ಕೆಟ್ಟೋಯ್ತು ಕಣವ್ವಾ. ಲೈಬ್ರರೀಲಿ ಇದ್ದೇ ಇರ್ತೈತೆ ಅಂತ ಧೈರ್ಯವಾಗಿದ್ದೆ. ಅವಳು ಓದಿರೋದು ಒಂದು ಹಾಕವ್ವಾ. ಯಾವುದಾದ್ರೂ ಸರಿ."

ಅವರನ್ನು ಕೂರಿಸಿ, ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ. ಲೈಬ್ರರಿಯಲ್ಲಿ ಇದೆಯಲ್ಲ ಎಂದು ಒಬ್ಬರೂ ತಮ್ಮ ಹತ್ತಿರ ಇಟ್ಟುಕೊಂಡಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. "ನಾನೇ ಅಳಿಸಿಬಿಟ್ಟೆ ಸಾರ್" ಎಂದು ಹೇಳಿ ಅತ್ತೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೇಷ್ಟ್ರು, "ಹೋಗ್ಲಿ ಬುಡವ್ವಾ, ಅಳಬ್ಯಾಡ. ನೀನು ಎಲ್ಲಾ ಕೇಳಿದ್ದೀಯಲ್ಲ. ಮಧ್ಯೆ ಮಧ್ಯೆ ಏನೇನಂತಿದ್ಲು, ಹೇಳು" ಎಂದರು.

ಬ್ರಾಕೆಟ್ಟಿನ ಮಾತು ಹೇಳಿದೆ. ಹಾಲಿನ ಮಾತು ಹೇಳಿದೆ. ಅವರ ಮುಖ ಅರಳಿತು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇನ್ನೂ?"

ಇನ್ನೂ ಎಂದರೆ ನನ್ನಲ್ಲಿ ಏನೂ ಇರಲಿಲ್ಲ. ಅಷ್ಟೊಂದು ಗಂಟೆಗಳ ಮಾತಿನಲ್ಲಿ ನನ್ನ ಕಿವಿಗೆ ಬಿದ್ದು ಉಳಿದದ್ದು ಆ ಎರಡೇ. ಉಳಿದದ್ದನ್ನೆಲ್ಲ ಬೆರಳಿನಿಂದ ಮುಂದಕ್ಕೆ ತಳ್ಳಿದ್ದೆ. ಅವರು ಕಿವಿಯನ್ನು ನನ್ನ ಕಡೆಗೆ ವಾಲಿಸಿ ಕಾಯುತ್ತಿದ್ದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

"'ಬೇಗ ಮುಗಿಸ್ರೀ, ಊಟ ಆರೋಗ್ತೈತೆ' ಅಂತಿದ್ರು ಸಾರ್."

ಮೇಷ್ಟ್ರು ಕುರ್ಚಿಗೆ ಒರಗಿದರು. ದನಿಯಲ್ಲಿ ಕೋಪವಿರಲಿಲ್ಲ.

"ಅವಳು ಒಂದು ದಿನಾನೂ ಬೇಗ ಮುಗ್ಸಿ ಅಂದೋಳಲ್ಲ ಕಣವ್ವಾ."