ಚಿಕ್ಕಮ್ಮನ ಕಂಪ್ಯೂಟರ್ ಯಾಕೆ ನಿಲ್ಲುತ್ತಿತ್ತು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು, ದೊಡ್ಡ ದೊಡ್ಡ ಮಾತು ಬರುವುದಿಲ್ಲ. ತಪ್ಪಾದಲ್ಲಿ ಗೀಚಿ ಹಾಕದೆ ಇಡೀ ಹಾಳೆಯನ್ನೇ ಮತ್ತೆ ಬರೆದಿದ್ದೇನೆ. ಇದು ನಮ್ಮ ಚಿಕ್ಕಮ್ಮನ ಕಥೆ. ಇದೆಲ್ಲ ನಡೆದಾಗ ನಾನು ಅಲ್ಲಿರಲಿಲ್ಲ. ಅವಳು ಒಗೆದ ಬಟ್ಟೆ ಮಡಿಸುತ್ತಾ ಹೇಳಿದ್ದನ್ನೇ ಕೇಳಿ ಕೇಳಿ ಬರೆದಿದ್ದೇನೆ.

ಚಿಕ್ಕಮ್ಮ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಾಳೆ. ಕುಳ್ಳಗೆ, ಚುರುಕಾಗಿ ಇರುವುದರಿಂದ ಅಲ್ಲಿ ಅವಳಿಗೆ ಗುಂಡುಸೂಜಿ ಅಂತ ಹೆಸರು. ಕುರ್ಚಿಯಲ್ಲಿ ಕೂತರೆ ಅವಳ ಪಾದ ನೆಲ ಮುಟ್ಟುವುದಿಲ್ಲ. ಆದರೆ ಕಾಲನ್ನು ಯಾರು ನೋಡುತ್ತಾರೆ? ಎಲ್ಲರ ಕಣ್ಣು ಅವಳ ಬೆರಳುಗಳ ಮೇಲೆಯೇ. ಎಂಥ ಕೆಟ್ಟ ಕೈಬರಹವಾದರೂ ಚಿಕ್ಕಮ್ಮ ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿ ಪಟಪಟನೆ ಹೊಡೆದುಬಿಡುತ್ತಾಳೆ.

ನಿವೃತ್ತ ಮೇಷ್ಟ್ರೊಬ್ಬರು ಜೇನುನೊಣಗಳ ಬಗ್ಗೆ ದಪ್ಪ ಪುಸ್ತಕ ಬರೆಯುತ್ತಿದ್ದರು. ಅವರ ಸಾಲುಗಳೂ ಜೇನುನೊಣಗಳಂತೆಯೇ ಹಾಳೆಯ ತುಂಬಾ ಹಾರಾಡುತ್ತಿದ್ದವು. ಅದನ್ನು ಓದಬಲ್ಲವಳು ಚಿಕ್ಕಮ್ಮ ಒಬ್ಬಳೇ. ಮೇಷ್ಟ್ರು ಖುಷಿಯಾಗಿ, "ಪುಸ್ತಕದ ಒಳಪುಟದಲ್ಲಿ ಅಕ್ಷರ ಜೋಡಣೆ ಅಂತ ನಿನ್ನ ಹೆಸರು ಹಾಕಿಸ್ತೀನಿ ತಾಯಿ" ಅಂದಿದ್ದರು. ಇಷ್ಟು ವರ್ಷ ಊರವರ ಹೆಸರನ್ನೆಲ್ಲ ಟೈಪ್ ಮಾಡಿದ ಚಿಕ್ಕಮ್ಮನ ಹೆಸರು ಎಲ್ಲಿಯೂ ಅಚ್ಚಾಗಿರಲಿಲ್ಲ. ಅಂದಿನಿಂದ ಅವಳ ಕಾಲು ನಿಜಕ್ಕೂ ನೆಲದ ಮೇಲೆ ನಿಲ್ಲಲಿಲ್ಲ.

ಅಷ್ಟರಲ್ಲಿ ಅಂಗಡಿಗೆ ಹೊಸ ಹುಡುಗಿ ಸೇರಿದಳು. ಉದ್ದನೆಯ ಕಾಲು, ಉದ್ದನೆಯ ಕತ್ತು. ಚಿಕ್ಕಮ್ಮ ಮನಸ್ಸಿನಲ್ಲೇ ಅವಳಿಗೆ ಕೊಕ್ಕರೆ ಎಂದು ಹೆಸರಿಟ್ಟಳು. ಕೊಕ್ಕರೆ ಎಲ್ಲರಿಗೂ ನಗುತ್ತಾ ಉತ್ತರ ಕೊಡುತ್ತಿದ್ದಳು, ತಪ್ಪೇ ಇಲ್ಲದಂತೆ ಟೈಪ್ ಮಾಡುತ್ತಿದ್ದಳು. ಮೇಲಿನ ಕಪಾಟಿನಿಂದ ಕಾಗದದ ಕಟ್ಟನ್ನು ಸ್ಟೂಲ್ ಇಲ್ಲದೆ ಇಳಿಸುತ್ತಿದ್ದಳು. ಚಿಕ್ಕಮ್ಮನಿಗೆ ಅದೊಂದನ್ನೇ ಸಹಿಸಲಾಗುತ್ತಿರಲಿಲ್ಲ.

ಕೊಕ್ಕರೆ ಬಂದ ಮೇಲೆಯೇ ಚಿಕ್ಕಮ್ಮನ ಕಂಪ್ಯೂಟರ್ ಕೆಟ್ಟಿತು. ಪೂರಾ ಕೆಟ್ಟಿದ್ದರೆ ಅಳುವುದಕ್ಕಾದರೂ ಆಗುತ್ತಿತ್ತು. ಅದು ಚೆನ್ನಾಗಿಯೇ ಓಡುತ್ತಿರುತ್ತಿತ್ತು, ಇದ್ದಕ್ಕಿದ್ದಂತೆ ಕಲ್ಲಾಗುತ್ತಿತ್ತು. ಮೌಸ್ ಅಲ್ಲಾಡಿಸಿದರೆ ಬಾಣ ಅಲುಗುವುದಿಲ್ಲ, ಪರದೆಯ ಮೂಲೆಯ ಗಡಿಯಾರವೂ ನಿಂತಿರುತ್ತದೆ. ಆರಿಸಿ ಹೊತ್ತಿಸಿದರೆ ಮತ್ತೆ ಸರಿ. ಉಳಿಸದೆ ಬಿಟ್ಟ ಪುಟ ಮಾತ್ರ ಮಂಗಮಾಯ.

ಚಿಕ್ಕಮ್ಮ ಬಿಡಲಿಲ್ಲ. ಮೌಸ್ ಬದಲಿಸಿದಳು, ಪ್ಲಗ್ಗನ್ನು ಬೇರೆ ಕಡೆ ಚುಚ್ಚಿದಳು, ವೈರಸ್ ಹುಡುಕಿಸಿದಳು. ಮೇಜಿನ ಕೆಳಗೆ ಅವಳ ಕುರ್ಚಿಗೆ ಒತ್ತಿಕೊಂಡಿದ್ದ ಸಿಪಿಯು ಡಬ್ಬದ ಧೂಳನ್ನು ಬಣ್ಣದ ಬ್ರಷ್ಷಿನಿಂದ ಗುಡಿಸಿ, ಸೆಖೆಗೆ ಹೀಗಾಗುತ್ತಿದೆಯೇನೋ ಎಂದು ತನ್ನ ಫ್ಯಾನನ್ನೂ ಅದಕ್ಕೇ ತಿರುಗಿಸಿ ತಾನು ಬೆವರುತ್ತಾ ಕೂತಳು. ರಿಪೇರಿಯವನು ಬಂದು ಒಳಗಿನ ಮೆಮೊರಿ ಪಟ್ಟಿಯನ್ನು ತೆಗೆದು ರಬ್ಬರಿನಿಂದ ಉಜ್ಜಿ ಸಿಕ್ಕಿಸಿದ. "ಇನ್ನು ಕುದುರೆ ಥರ ಓಡುತ್ತೆ ನೋಡಿ" ಅಂದ. ಅವನು ಮೆಟ್ಟಿಲಿಳಿಯುತ್ತಿದ್ದ ಹಾಗೆ, ಅಂಗಡಿಯ ಯಜಮಾನರು ಗಿರಾಕಿಯ ಮುಂದೆ ಕೊಕ್ಕರೆಯನ್ನು ಹೊಗಳಿದರು. ಕುದುರೆ ಅಲ್ಲೇ ನಿಂತಿತು.

"ಇವತ್ತು ನೀವಿಬ್ಬರೂ ಜಾಗ ಬದಲಾಯಿಸಿ ಕೂತ್ಕೊಳ್ಳಿ, ನೋಡೋಣ" ಎಂದರು ಯಜಮಾನರು. ಚಿಕ್ಕಮ್ಮನ ಕಂಪ್ಯೂಟರಿನಲ್ಲಿ ಕೊಕ್ಕರೆ ದಿನವಿಡೀ ಕೆಲಸ ಮಾಡಿದಳು. ಅದು ಒಮ್ಮೆಯೂ ನಿಲ್ಲಲಿಲ್ಲ!

"ಏನಮ್ಮ ಗುಂಡುಸೂಜಿ, ನಿನ್ನ ಕಂಪ್ಯೂಟರ್‌ಗೂ ಹೊಸಬಳೇ ಇಷ್ಟ ಆದ್ಲಲ್ಲ!" ಎಂದು ಯಜಮಾನರು ನಕ್ಕರು. ಚಿಕ್ಕಮ್ಮನೂ ನಕ್ಕಳು. ಆಮೇಲೆ ಡಬ್ಬವನ್ನು ದುರುಗುಟ್ಟಿ ನೋಡಿದಳು. ತಾನು ಬೆವರಿ ಗಾಳಿ ಹಾಕಿದ ಡಬ್ಬ, ಅವಳಿಗೆ ಒಲಿಯಿತೇ?

ಮರುದಿನ ಚಿಕ್ಕಮ್ಮ ತನ್ನ ಜಾಗಕ್ಕೆ ಮರಳಿದಳು. ಮೇಷ್ಟ್ರೂ ಬಂದರು, ಯಜಮಾನರು ರಿಪೇರಿಯವನನ್ನೂ ಮತ್ತೆ ಕರೆಸಿದ್ದರು. ಅವನು ಪಕ್ಕದಲ್ಲೇ ಕೂತು ನೋಡುತ್ತಿದ್ದ. ಎಲ್ಲ ಸರಿಯಾಗಿಯೇ ಇತ್ತು. ಆಗ ಮೇಷ್ಟ್ರು, ಕೊಕ್ಕರೆ ಹಿಂದಿನ ದಿನ ಟೈಪ್ ಮಾಡಿದ್ದ ತಮ್ಮ ಒಂದು ಹಾಳೆಯನ್ನು ಹಿಡಿದು, "ಪರವಾಗಿಲ್ವೇ, ಈ ಹೊಸ ಮಗಳೂ ನನ್ನ ಅಕ್ಷರ ಓದ್ತಾಳೆ!" ಎಂದರು.

ಮೇಜಿನ ಕೆಳಗೆ ಧಡ್ ಎಂದಿತು. ಪರದೆ ನಿಂತಿತು.

ರಿಪೇರಿಯವನು ಡಬ್ಬವನ್ನು ಎಳೆದು ಮುಚ್ಚಳ ಬಿಚ್ಚಿದ. "ಹಾರ್ಡ್ ಡಿಸ್ಕಿನ ವೈರು ಸಡಿಲ ಆಗಿದೆ ಸಾರ್. ಡಬ್ಬ ಅಲ್ಲಾಡಿದಾಗೆಲ್ಲ ಕೈ ಕೊಡ್ತಿದೆ. ಈ ಪಕ್ಕ ನೋಡಿ, ತಗ್ಗಾಗಿದೆ. ಏನೋ ಬಂದು ಗುದ್ದುತ್ತೆ."

"ಹೆಗ್ಗಣ!" ಎಂದರು ಯಜಮಾನರು ತಕ್ಷಣ. "ಈ ಗೋಡೆ ಪಕ್ಕ ಹೆಗ್ಗಣ ಓಡಾಡ್ತವೆ ಅಂತ ನಾನು ಯಾವತ್ತೋ ಹೇಳಿದ್ದೆ."

ಚಿಕ್ಕಮ್ಮ ಬಗ್ಗಿ ನೋಡಿದಳು. ಡಬ್ಬದ ಬಿಳಿಯ ಪಕ್ಕದಲ್ಲಿ ಕಪ್ಪಗೆ, ದುಂಡಗೆ ಒಂದು ಗುರುತು. ಅವಳ ಚಪ್ಪಲಿಯ ಹಿಮ್ಮಡಿ ಅದಕ್ಕೆ ಸರಿಯಾಗಿ ಹೊಂದುತ್ತಿತ್ತು. ಕೊಕ್ಕರೆಯನ್ನು ಯಾರಾದರೂ ಹೊಗಳಿದಾಗೆಲ್ಲ ತೂಗಾಡುವ ಕಾಲು ತಾನಾಗಿಯೇ ಹಿಂದೆ ಹೋಗಿ ಡಬ್ಬಕ್ಕೆ ಬಡಿಯುತ್ತಿತ್ತು. ಕೊಕ್ಕರೆಯ ಕಾಲೋ, ನೆಲಕ್ಕೆ ಅಂಟಿಕೊಂಡಿರುತ್ತಿತ್ತು. ಕಂಪ್ಯೂಟರಿಗೆ ಅವಳ ಮೇಲೆ ಪ್ರೀತಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ.

ಸುಮ್ಮನಿದ್ದರೆ ತಪ್ಪನ್ನು ಹೆಗ್ಗಣದ ತಲೆಗೆ ಕಟ್ಟಬಹುದಿತ್ತು. ಚಿಕ್ಕಮ್ಮ ಸುಮ್ಮನೆಯೇ ಇದ್ದಳು. ಆದರೆ ಯಜಮಾನರು ಮುಂದುವರಿದರು. "ಮೇಷ್ಟ್ರೇ, ಈ ಗೋಡೆ ಪಕ್ಕ ನಿಮ್ಮ ಪುಸ್ತಕ ಬೇಡ. ಅವಳೂ ನಿಮ್ಮ ಅಕ್ಷರ ಓದ್ತಾಳಲ್ಲ, ಉಳಿದದ್ದನ್ನು ಅವಳೇ ಮುಗಿಸಲಿ. ಆ ಕಡೆ ಹೆಗ್ಗಣದ ಕಾಟ ಇಲ್ಲ."

ಒಳಪುಟದಲ್ಲಿ ಕೊಕ್ಕರೆಯ ಹೆಸರು! ಚಿಕ್ಕಮ್ಮ ಎದ್ದು ನಿಂತಳು.

"ಹೆಗ್ಗಣ ನಾನೇ ಯಜಮಾನ್ರೇ" ಎಂದಳು.

"ಏನಂದೆ?"

"ನನ್ನ ಕಾಲು ನೆಲಕ್ಕೆ ಎಟುಕಲ್ಲ. ಡಬ್ಬಕ್ಕೆ ಒದೀತಿದ್ದೆ. ಬೇಕಂತ ಅಲ್ಲ."

"ಇಷ್ಟು ವರ್ಷ ಒದೀಲಿಲ್ಲ, ಈಗ ಯಾಕಮ್ಮ?"

ಚಿಕ್ಕಮ್ಮ ಕೊಕ್ಕರೆಯ ಕಡೆ ನೋಡದೆ ಹೇಳಿದಳು. "ಇವಳನ್ನ ನೀವು ಹೊಗಳ್ತೀರಲ್ಲ, ಆವಾಗ. ಹೊಟ್ಟೆಕಿಚ್ಚು."

ರಿಪೇರಿಯವನು ಸ್ಕ್ರೂಡ್ರೈವರ್ ಕೆಳಗಿಟ್ಟು ನಕ್ಕ. "ನಾನು ಮೆಮೊರಿ ಉಜ್ಜಿದ್ದೇ ಉಜ್ಜಿದ್ದು, ಇದಕ್ಕೆ ಯಾವ ರಬ್ಬರು ತರಲಿ ಅಕ್ಕಾ?" ಮೇಷ್ಟ್ರು ಮಾತ್ರ ನಗಲಿಲ್ಲ, ಕೈಯಲ್ಲಿದ್ದ ಹಾಳೆಯನ್ನು ಈಗ ಸರಿಯಾಗಿ ನೋಡಿದರು. "ಅವಳು ಓದಿದ್ದು ಈ ಒಂದು ಹಾಳೆ ಮಾತ್ರ, ನೋಡಿದರೆ ಇದೂ ನನ್ನ ಹೆಂಡತಿ ಬರೆದುಕೊಟ್ಟಿದ್ದು. ನನ್ನ ಅಕ್ಷರಕ್ಕೆ ನೀನೇ ಆಗಬೇಕು ತಾಯಿ. ಕಾಲು ಮಾತ್ರ ಮಡಚಿಕೋ" ಎಂದರು.

ಪುಸ್ತಕ ಚಿಕ್ಕಮ್ಮನ ಬಳಿಯೇ ಉಳಿಯಿತು. ರಿಪೇರಿಯವನು ವೈರನ್ನು ಒತ್ತಿ ಕೂರಿಸಿ ಡಬ್ಬವನ್ನು ಮೇಜಿನ ಮೇಲಕ್ಕೆ ಏರಿಸಿದ. ಕೊಕ್ಕರೆ ಹೋಗಿ, ಹಳೆಯ ಕಾಗದದ ಕಟ್ಟೊಂದನ್ನು ತಂದು ಚಿಕ್ಕಮ್ಮನ ಕುರ್ಚಿಯ ಕೆಳಗಿಟ್ಟಳು.

"ಇದರ ಮೇಲೆ ಕಾಲಿಡಿ ಅಕ್ಕಾ. ನಿಮ್ಮ ಸ್ಪೀಡ್ ನೋಡಿ ನಂಗೂ ಹೊಟ್ಟೆ ಉರಿಯುತ್ತೆ. ನನ್ನ ಕಾಲು ಎಟುಕುತ್ತೆ ಅಷ್ಟೇ."

ಕಾಲಿಗೆ ಹಾಯಾಯಿತಂತೆ. "ಆದ್ರೂ ನೋಡೇ, ಆ ಉಪಾಯ ಅವಳಿಗೇ ಹೊಳೀಬೇಕಿತ್ತಾ? ನಂಗ್ಯಾಕೆ ಹೊಳೀಲಿಲ್ಲ?" ಎಂದು ಚಿಕ್ಕಮ್ಮ ನನ್ನ ಮುಂದೆ ಟವೆಲ್ಲನ್ನು ಮಡಿಸಿದ್ದನ್ನೇ ಬಿಚ್ಚಿ ಮಡಿಸಿದಳು. ಮೇಷ್ಟ್ರ ಪುಸ್ತಕ ಅಚ್ಚಾಗಿದೆ. ಒಳಪುಟದಲ್ಲಿ ಅವಳ ಹೆಸರಿದೆ. ಆ ಪುಟವನ್ನು ಅವಳು ಕೊಕ್ಕರೆಗೆ ಬೇಕೆಂದೇ ಎರಡು ಸಲ ತೋರಿಸಿದ್ದಾಳೆ.

ನಾನು ಇದನ್ನು ಬರೆಯುತ್ತಿರುವುದು ಚಿಕ್ಕಮ್ಮನಿಗೆ ಗೊತ್ತು. "ಟೈಪ್ ಮಾಡ್ಸೋದಾದ್ರೆ ನನ್ನ ಹತ್ರ ತಾ, ಅವಳ ಹತ್ರ ಹೋದೀಯಾ ಜೋಕೆ" ಎಂದಿದ್ದಾಳೆ. ನಾಳೆ ಬೆಳಿಗ್ಗೆ ಈ ಹಾಳೆಗಳನ್ನು ತೆಗೆದುಕೊಂಡು ಹೋಗಿ ಅವಳಿಗೆ ಕೊಡುತ್ತೇನೆ.